ಟೈಲರಮ್ಮನ ಸಹಿ

ನಲವತ್ತರ ಹೊಸ್ತಿಲಲ್ಲಿ ಸಮಾಜಕಾರ್ಯ ಓದಲು ಹೊರಟವಳನ್ನು ಮನೆಯವರು ಹುಚ್ಚಿ ಎಂದರು, ಕ್ಲಾಸಿನ ಹುಡುಗಿಯರು ಅಕ್ಕ ಎಂದರು. ಅಕ್ಕ ಎಂಬುದೇ ಗಟ್ಟಿಯಾಯಿತು. ಬೆಳಿಗ್ಗೆ ಐದರಿಂದ ಹನ್ನೊಂದರವರೆಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊದಿಕೆ ಮಡಚುವುದು, ಆಮೇಲೆ ಎರಡು ಬಸ್ಸು ಬದಲಾಯಿಸಿ ಕ್ರೈಸ್ತ ವಿಶ್ವವಿದ್ಯಾಲಯದ ಮೂರನೇ ಮಹಡಿ ಹತ್ತುವುದು. ಪಾಠಕ್ಕೆ ಮುಂಚೆ ಎಲ್ಲರೂ ಎದ್ದುನಿಂತು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಬೇಕು. ಅಲ್ಲೇ ಇದ್ದದ್ದು ಫಜೀತಿ. ಅಕ್ಕನ ಕಣ್ಣು ಮುಚ್ಚಿದರೆ ಮತ್ತೆ ತೆರೆಯಲು ಸುತಾರಾಂ ಒಪ್ಪುತ್ತಿರಲಿಲ್ಲ.

"ಅಕ್ಕಾ, ಆಮೆನ್ ಆಗಿ ಎಷ್ಟೊತ್ತಾಯ್ತು, ಕೂತ್ಕೊಳ್ಳಿ," ಎಂದು ಪಕ್ಕದ ಹುಡುಗಿ ತಿವಿಯುತ್ತಿದ್ದಳು.

ಇಂಥವಳಿಗೆ ಕೊನೆಯ ಸೆಮಿಸ್ಟರಿನ ಫೀಲ್ಡ್‌ವರ್ಕಿಗೆ ಸಿಕ್ಕಿದ್ದು ಟೈಲರಮ್ಮನ ಮನೆ. ಗಂಡ ಲಕ್ವ ಹೊಡೆದು ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದ, ಮಾತೂ ನಿಂತುಹೋಗಿತ್ತು. ಮಂಚದ ಕಾಲಬುಡದಲ್ಲೇ ಅವಳ ಹೊಲಿಗೆ ಮೆಷಿನ್ನು. ವಾರಕ್ಕೆರಡು ಗಂಟೆ ಅಲ್ಲಿ ಕೂತು ಅವಳ ಕಷ್ಟ ಕೇಳಬೇಕು, ಮನೆಕೆಲಸಕ್ಕೆ ಕೈ ಹಾಕಬಾರದು, ಬಂದು ಆಡಿದ ಮಾತನ್ನೆಲ್ಲ ಬರೆದು ಎದುರಿಗೆ ತನಗೇನನ್ನಿಸಿತೆಂದೂ ಬರೆಯಬೇಕು. ಕೂತ ಗಂಟೆಗಳಿಗೆ ಬೇರೊಂದು ಕಾಗದದಲ್ಲಿ ಮನೆಯವರ ಸಹಿ. ಗಂಟೆ ಭರ್ತಿಯಾಗದಿದ್ದರೆ ಇನ್ನೊಂದು ವರ್ಷ. ಆ ಇನ್ನೊಂದು ವರ್ಷ ಅಕ್ಕನ ಬಳಿ ಎಲ್ಲಿತ್ತು? ಮುಂದಿನ ವರ್ಷ ಬೆಳಗಿನ ಪಾಳಿ ಕೇಳಲೇಬೇಡ ಎಂದು ಲಾಂಡ್ರಿಯ ಸೂಪರ್‌ವೈಸರ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಬರೆಯುವುದಕ್ಕೆ ಆ ಹೆಂಗಸು ಬಾಯಿ ಬಿಟ್ಟರೆ ತಾನೇ!

"ಹೇಗಿದೀರಿ?"

"ಇದೀನಿ."

"ಕಷ್ಟ ಆಗ್ತಿದೆಯಾ?"

"ಯಾರಿಗಿಲ್ಲ ಹೇಳಿ."

ಆರು ವಾರ ಅದೇ ರಾಗ, ಅದೇ ಹಾಡು. ಅನ್ನಿಸಿದ್ದರ ಕಾಲಮ್ಮಿನಲ್ಲಿ ಅಕ್ಕ ಪ್ರತಿ ಸಲ 'ಸುಸ್ತಾಯಿತು' ಎಂದು ಬರೆದಳು. 'ಇದು ಭಾವನೆಯಲ್ಲ' ಎಂದು ಪಾಠ ಹೇಳುವ ಸನ್ಯಾಸಿನಿ, ಸಿಸ್ಟರ್, ಕೆಂಪು ಶಾಯಿಯಲ್ಲಿ ಗೀಚಿ ಕೊಟ್ಟರು. ಭಾವನೆಯಲ್ಲವಂತೆ! ಒಂದು ಬೆಳಿಗ್ಗೆ ಆ ಲಾಂಡ್ರಿಯಲ್ಲಿ ನಿಂತು ನೋಡಬೇಕಿತ್ತು ಪುಣ್ಯಾತ್ಗಿತ್ತಿ.

ಏಳನೇ ವಾರ, ಕೊನೆಯ ಭೇಟಿ. ಅಕ್ಕ ಚಾಪೆಯ ಮೇಲೆ ಕೂತು ಗೋಡೆಗೆ ಒರಗಿದಳು, ಅಷ್ಟೇ ಗೊತ್ತು. ಎಚ್ಚರವಾದಾಗ ತಲೆಯಡಿ ಬಟ್ಟೆಗಂಟು, ಮೈಮೇಲೆ ಹೊದಿಕೆ. ಸದ್ದಾಗದಿರಲೆಂದು ಟೈಲರಮ್ಮ ಮೆಷಿನ್ ಬಿಟ್ಟು ಕೈಹೊಲಿಗೆ ಹಾಕುತ್ತಿದ್ದಳು.

"ಅಯ್ಯೋ, ಎಬ್ಬಿಸೋದಲ್ವಾ!"

"ಆ ಗೊರಕೆ ಕೇಳಿದ್ಮೇಲೆ ಎಬ್ಬಿಸೋಕೆ ಮನಸ್ಸು ಬರುತ್ತೇನ್ರೀ? ಕೊಡಿ ಇಲ್ಲಿ ಕಾಗದ." ಎರಡು ಗಂಟೆ ಎಂದು ಬರೆದು ಸಹಿ ಜಡಿದಳು. "ನಾನಂತೂ ಯಾರಿಗೂ ಹೇಳಲ್ಲ."

ತನ್ನ ಮನೆಗೆ ಬಂದು ಅಕ್ಕ ಬರೆಯಲು ಕೂತಳು. 'ನನಗೆ ಒಂಟಿ ಅನ್ನಿಸುತ್ತೆ ಎಂದು ಟೈಲರಮ್ಮ ಅಂದರು.' ಸಿಸ್ಟರಿಗೆ ಖುಷಿಯಾಗುವಂಥ ಮಾತು. ಆದರೆ ಆ ತಾಯಿ ಹಾಗೆ ಅಂದೇ ಇರಲಿಲ್ಲ. ಹೊದಿಸಿ ಮಲಗಿಸಿದವಳ ಬಾಯಿಗೆ ಸುಳ್ಳು ತುರುಕಲು ಅಕ್ಕನಿಗೆ ನಾಚಿಕೆಯಾಯಿತು. ಆ ಹಾಳೆ ಹರಿದು, ನಿದ್ದೆಹೋದೆ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದಳು.

ಮರುದಿನ ಸಿಸ್ಟರ್ ಎರಡೆರಡು ಸಲ ಓದಿದರು. "ನಿಜ ಬರೆದೆಯಲ್ಲ, ಒಳ್ಳೇದು. ಆದ್ರೆ ಈ ಗಂಟೆ ಲೆಕ್ಕಕ್ಕೆ ಬರಲ್ಲಮ್ಮ. ಈಗಲೇ ಹೋಗಿ ಎರಡು ಗಂಟೆ ಕೂತು ಬಾ. ಐದಕ್ಕೆ ಗಂಟೆಗಳ ಪಟ್ಟಿ ಆಫೀಸಿಗೆ ಹೋಗುತ್ತೆ, ಅಷ್ಟರೊಳಗೆ ಸಹಿ ಮಾಡಿದ ಕಾಗದ ತಂದ್ಕೊಡು. ಆಮೇಲೆ ನನ್ನ ಕೈಲೇನೂ ಇಲ್ಲ."

ಎರಡಕ್ಕೆ ಅಕ್ಕ ಏದುಸಿರು ಬಿಡುತ್ತ ಹೋಗಿ ನಡೆದದ್ದನ್ನು ಹೇಳಿದಾಗ ಟೈಲರಮ್ಮ ಹಣೆ ಚಚ್ಚಿಕೊಂಡಳು. "ಒಂದು ಸುಳ್ಳು ಹೇಳೋಕೂ ಬರಲ್ವಲ್ರೀ ನಿಮಗೆ! ಇನ್ನೇನು ಓದ್ತೀರೋ." ಆಮೇಲೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಮಂಚದ ಕಡೆ ತಿರುಗಿದಳು. "ಹೆಂಗೂ ಎರಡು ಗಂಟೆ ಇರ್ತೀರಿ. ಇವರನ್ನ ಒಂಚೂರು ನೋಡ್ಕೊತೀರಾ? ಆಗಾಗ ಮಗ್ಗುಲು ಬದಲಾಯಿಸ್ಬೇಕು. ನಾನು... ಮಲಗ್ಬೇಕು ಕಣ್ರೀ. ಮೂರು ವರ್ಷ ಆಯ್ತು ಸರಿಯಾಗಿ ಮಲಗಿ."

ಏಳು ವಾರದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ನಿಯಮದ ಮನೆ ಹಾಳಾಗಲಿ ಎಂದುಕೊಂಡು ಅಕ್ಕ ಸೆರಗು ಸಿಕ್ಕಿಸಿದಳು. ಟೈಲರಮ್ಮ ಚಾಪೆಗೆ ತಲೆ ಕೊಟ್ಟದ್ದೇ ತಡ, ಉಸಿರು ಭಾರವಾಯಿತು.

ನಾಲ್ಕಾಯಿತು. ಈಗ ಸಹಿ ಹಾಕಿಸಿಕೊಂಡು ಬಸ್ಸು ಹಿಡಿದರೆ ಐದಕ್ಕೆ ಮುಟ್ಟಬಹುದು. ಅಕ್ಕ ಕಾಗದ, ಪೆನ್ನು ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಭುಜದ ಮೇಲೆ ಕೈಯನ್ನೂ ಇಟ್ಟಳು. ಟೈಲರಮ್ಮ ಬಾಯಿ ತೆರೆದುಕೊಂಡು ಮಗುವಿನ ಹಾಗೆ ಮಲಗಿದ್ದಳು. ಎಬ್ಬಿಸು, ಒಂದು ನಿಮಿಷದ ಕೆಲಸ ಎಂದು ತನಗೆ ತಾನೇ ಹೇಳಿಕೊಂಡಳು. ಒಮ್ಮೆ ಎಚ್ಚರವಾದರೆ ಈ ಹೆಂಗಸು ಮತ್ತೆ ಮಲಗುವವಳಲ್ಲ, ನೇರ ಮೆಷಿನ್ ಮುಂದೆ ಹೋಗಿ ಕೂರುತ್ತಾಳೆ. ಅದೂ ಗೊತ್ತಿತ್ತು.

ನಾಲ್ಕೂಕಾಲಾಯಿತು, ನಾಲ್ಕೂವರೆಯಾಯಿತು. ಅಕ್ಕನಿಗೆ ಸಿಟ್ಟು ಬಂತು, ಸಿಸ್ಟರ್ ಮೇಲೆ, ಸೂಪರ್‌ವೈಸರ್ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ಅಳುವೂ ಬಂತು. ಮಂಚದ ಮೇಲಿನ ಗಂಡಸು ಒಮ್ಮೆ ಅವಳ ಕೈಯ ಕಾಗದವನ್ನು, ಒಮ್ಮೆ ಮಲಗಿದ ಹೆಂಡತಿಯನ್ನು ನೋಡಿದ.

"ಶ್, ಮಲಗಲಿ ಬಿಡಿ," ಎಂದಳು ಅಕ್ಕ. ಕಾಗದವನ್ನು ಮಡಚಿ ಚೀಲಕ್ಕೆ ಹಾಕಿ ಎದ್ದಳು. ಅವನ ಬೆನ್ನಿನಡಿ ಕೈ ಕೊಟ್ಟು, ಮಂಚ ಕಿರುಗುಟ್ಟದ ಹಾಗೆ ನಿಧಾನವಾಗಿ ಮಗ್ಗುಲು ಬದಲಾಯಿಸಿದಳು.