ನಮ್ಮ ಗೇಟಿನೆದುರಿನ ಗುಂಡಿ

ರಾತ್ರಿ ಮೂರು ಗಂಟೆಗೆ ಜೆಸಿಬಿ ಸದ್ದಿಗೆ ಎಚ್ಚರವಾಯಿತು. ಮಾಲೂರಿನ ನಮ್ಮ ಬೀದಿಯನ್ನು ಅಗಲ ಮಾಡುವ ಮಹಾನುಭಾವರು ಗೇಟಿನೆದುರೇ ಆಳುದ್ದ ಗುಂಡಿ ತೋಡಿ, ಒಂದು ಹಗ್ಗವನ್ನೂ ಕಟ್ಟದೆ ಹೊರಟುಹೋದರು. ನೆಟ್ಟಿರುವುದು ನಾಯಕರ ನಗುಮುಖದ ಫ್ಲೆಕ್ಸ್ ಮಾತ್ರ.

ಹಸಿಮಣ್ಣಿನ ವಾಸನೆಗೆ ದೇವರಾಯಸಮುದ್ರದ ತಾತ ನೆನಪಾದರು. ಹೊಲಕ್ಕೆ ಪೈಪು ಹಾಕಲು ದಾರಿಯಲ್ಲಿ ಮೊಣಕಾಲುದ್ದ ಅಗೆದರೂ ಸುತ್ತ ಜಾಲಿಮುಳ್ಳು ಇಟ್ಟು, ಲಾಟೀನು ಹಚ್ಚಿ, ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು.

“ಈ ಹೊತ್ನಲ್ಲಿ ಯಾರ್ ಬರ್ತಾರೆ ಮಾವ, ಒಳಕ್ಕೆ ಬನ್ನಿ,” ಎಂದು ಅಮ್ಮ ಕರೆಯುತ್ತಿದ್ದಳು.

“ಯಾರಾನ ಬಿದ್ರೆ ಅವರ ಮನೇಗೆ ಹೋಗಿ ನೀನ್ ಹೇಳ್ತೀಯೇನಮ್ಮಾ?”

ಈ ಬೀದಿ ಅಗೆದವರಿಗೆ ಅಷ್ಟು ನಾಚಿಕೆಯೂ ಇಲ್ಲ. ಬೆಳಗಿನ ಮೊದಲ ರೈಲಿಗೆ ಜನ ಕತ್ತಲಲ್ಲೇ ಬೈಕಿನಲ್ಲಿ ಇಲ್ಲಿಂದ ಹಾಯುತ್ತಾರೆ. ಜ್ವರದ ಮಗುವನ್ನು ಬಿಟ್ಟು ನಾನು ಹೊರಗೆ ನಿಲ್ಲಲಾರೆ. ಇದನ್ನು ಓದುತ್ತಿರುವವರೇ, ನಿಮ್ಮವರು ಯಾರಾದರೂ ಆ ರೈಲಿಗೆ ಹೋಗುವವರಿದ್ದರೆ, ದಮ್ಮಯ್ಯ, ಬೆಳಗಾಗುವ ಮೊದಲು ಅವರಿಗೊಂದು ಫೋನ್ ಮಾಡಿ.