ಗುಂಡಿ ಕುಡಿದ ಎಣ್ಣೆ

ಗ್ಯಾರೇಜಿನ ಯಜಮಾನ ಗಾಡಿಗಳ ಎಂಜಿನ್ನಿನಿಂದ ಇಳಿಸಿದ ಹಳೆಯ ಕರಿ ಎಣ್ಣೆಯನ್ನು ಹಿತ್ತಲ ಗುಂಡಿಗೆ ಸುರಿದು, ಅದು ಇಂಗುವುದನ್ನು ಮೈಮರೆತು ನೋಡುತ್ತಿದ್ದ. "ಭೂಮಿ ಹೊಟ್ಟೆ ದೊಡ್ಡದು ಬಿಡು, ಎಲ್ಲ ಅರಗಿಸ್ಕೊಳ್ಳತ್ತೆ," ಎನ್ನುತ್ತಿದ್ದ.

ಒಂದು ಸಂಜೆ ಗ್ಯಾರೇಜಿನ ಹಿಂದಿನ ಇಳಿಜಾರಿನ ಕೆಳಗಿದ್ದ ಅಕ್ಕನ ಮನೆಯಲ್ಲಿ ಚಹಾದ ಲೋಟ ಎತ್ತಿದಾಗ ಎಣ್ಣೆ ವಾಸನೆ ಬಂತು. ಕಸುಬಿನ ಕೈ, ವಾಸನೆ ಸುಮ್ಮನೆ ಬಿಟ್ಟೀತೇ ಎಂದುಕೊಂಡು ಬಚ್ಚಲಿಗೆ ಹೋಗಿ ಸೋಪು ಹಾಕಿ ತಿಕ್ಕಿದ. ತೊಳೆದಷ್ಟೂ ವಾಸನೆ ಹೆಚ್ಚಾಯಿತು.

"ಚರ್ಮ ಕಿತ್ಕೋತೀಯೇನೋ? ವಾಸನೆ ಕೈಯಲ್ಲಲ್ಲ ಕಣೋ, ನಮ್ಮ ಬೋರ್‌ ನೀರಲ್ಲಿ," ಎಂದಳು ಅಕ್ಕ.

ನಲ್ಲಿ ಸುರಿಯುತ್ತಲೇ ಇತ್ತು. ಅವನ ಕಣ್ಣಿಗೆ ಕಾಲಡಿಯ ನೆಲ ಗಾಜಿನಂತೆ ತಿಳಿಯಾಯಿತು. ಮಣ್ಣಿನ ಕಣಗಳ ನಡುವೆ ನೀರು ಸದ್ದಿಲ್ಲದೆ ಇಳಿಜಾರು ಇಳಿಯುತ್ತಿತ್ತು. ಅದರ ಜೊತೆ ಅವನ ಎಣ್ಣೆಯೂ ಯಾರನ್ನೂ ದಾರಿ ಕೇಳದೆ ಅಕ್ಕನ ಮನೆಗೆ ಬರುತ್ತಿತ್ತು. ಅವನು ಬಾರದ ದಿನಗಳಲ್ಲೂ ತಪ್ಪದೆ ಬಂದಿತ್ತು.