ಚಿಕ್ಕಪ್ಪನ ಜೀಪಿಗೆ ರೋಲ್ ಬಾರ್

ತೊಂಬತ್ತರ ದಶಕದ ನಡುವೆ ಅಮೃತೂರಿನ ನನ್ನ ಚಿಕ್ಕಪ್ಪ ಒಂದು ಹಳೇ ಜೀಪು ಕೊಂಡರು. ಅದರ ಕ್ಯಾನ್ವಾಸ್ ಹೊದಿಕೆಯನ್ನು ಮಡಚಿಟ್ಟು, ಗಾಳಿಗೆ ಮುಖವೊಡ್ಡಿ ಓಡಿಸಿದರೇ ಅವರಿಗೆ ತೃಪ್ತಿ. ತಿರುವಿನಲ್ಲಿ ಬ್ರೇಕು ಒತ್ತುವುದು ಅವಮಾನ ಎಂದುಕೊಂಡಿದ್ದರು. ಒಮ್ಮೆ ಹುಲಿಯೂರುದುರ್ಗದ ರಸ್ತೆಯಲ್ಲಿ ಒಂದು ಪಕ್ಕದ ಎರಡೂ ಚಕ್ರ ನೆಲ ಬಿಟ್ಟವು. ಅಂದು ಮನೆಗೆ ಬಂದ ಕೂಡಲೇ, ಪಕ್ಕದ ಸೀಟಿನಲ್ಲಿದ್ದ ಚಿಕ್ಕಮ್ಮ ಹೇಳಿಬಿಟ್ಟರು.

"ಇದಕ್ಕೆ ತಲೆ ಮೇಲೊಂದು ಕಂಬಿ ಹಾಕ್ಸಿ. ಜೀಪು ಉರುಳಿದ್ರೂ ತಲೆ ಉಳೀಬೇಕು. ಅಲ್ಲೀವರ್ಗೂ ನಾನು ಹತ್ತಲ್ಲ."

"ನನ್ನ ಡ್ರೈವಿಂಗ್ ಗೊತ್ತಿಲ್ವೇನೇ ನಿನಗೆ?"

"ಗೊತ್ತು ಕಣ್ರೀ. ಅದಕ್ಕೇ ಕೇಳ್ತಿರೋದು."

ಮುಂದಿನ ವಾರ ಚಿಕ್ಕಪ್ಪ ಸ್ನೇಹಿತರ ಕಾರಿನಲ್ಲಿ ಗುಬ್ಬಿಗೆ ಮದುವೆಗೆ ಹೋದರು. ಎರಡು ದಿನ ಬರುವುದಿಲ್ಲ. ಕಾಲೇಜು ರಜೆಗೆ ಬಂದಿದ್ದ ನನ್ನನ್ನು ಚಿಕ್ಕಮ್ಮ ಕರೆದರು. "ಹತ್ತು, ತುಮಕೂರಿಗೆ ಹೋಗಾನ." ಡ್ರೈವರ್ ಎಲ್ಲಿ ಎಂದು ನಾನು ಹುಡುಕುವಷ್ಟರಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರೇ ಸ್ಟೀರಿಂಗ್ ಹಿಡಿದು ಕೂತಿದ್ದರು. ಗಂಡ ಊರಲ್ಲಿಲ್ಲದಾಗಲೆಲ್ಲ ತೆಂಗಿನ ತೋಟದ ಸಾಲುಗಳ ನಡುವೆ ಕಲಿತಿದ್ದರಂತೆ.

"ಲೈಸೆನ್ಸು?" ಎಂದೆ ಭಯದಿಂದ.

ಪರ್ಸು ತೆಗೆದು ತೋರಿಸಿದರು. ತವರಿಗೆ ಹೋದಾಗ ಮಾಡಿಸಿಕೊಂಡಿದ್ದರು!

ತುಮಕೂರಿನ ಶಿರಾ ಗೇಟಿನಲ್ಲಿ ಕಿಟಕಿ ಗ್ರಿಲ್ಲು, ಗೇಟು ಮಾಡುವ ಸಾಬರೊಬ್ಬರಿದ್ದರು. ನಮ್ಮ ಕೆಲಸವೇನೆಂದು ಕೇಳಿ, "ಓ, ರೋಲ್ ಬಾರ್!" ಎಂದು ಗಡ್ಡ ಕೆರೆದುಕೊಂಡು ಜೀಪಿನ ಸುತ್ತ ಒಂದು ಸುತ್ತು ಬಂದರು.

"ಕೂರೋರ ತಲೆಗಿಂತ ನಾಲ್ಕು ಬೆರಳಾದ್ರೂ ಮೇಲಿರ್ಬೇಕಮ್ಮಾ. ಯಜಮಾನ್ರು ಎಷ್ಟು ಎತ್ತರ?"

ಚಿಕ್ಕಮ್ಮ ಸೀಟಿನ ಕೆಳಗೆ ಕೈ ಹಾಕಿ ಒಂದು ದಿಂಬು ಎಳೆದರು. "ನನ್ನಷ್ಟೇ ಸಾಬ್ರೇ. ಆದ್ರೆ ಇದರ ಮೇಲೆ ಕೂರ್ತಾರೆ. ಯಾರ್ಗೂ ಹೇಳ್ಬೇಡಿ."

ಸಾಬರು ನಗು ನುಂಗಿಕೊಂಡು, ಚಿಕ್ಕಮ್ಮನನ್ನೇ ದಿಂಬಿನ ಮೇಲೆ ಕೂರಿಸಿ ಟೇಪು ಹಿಡಿದರು. ದಪ್ಪ ಪೈಪಿನೊಳಗೆ ಮರಳು ತುಂಬಿ, ಕಾಯಿಸಿ, ಕಮಾನಿನಂತೆ ಬಗ್ಗಿಸಿದರು. ಮರಳಿಲ್ಲದಿದ್ದರೆ ಬಾಗಿದ ಕಡೆ ಪೈಪು ಚಪ್ಪಟೆಯಾಗುತ್ತದಂತೆ. ಮುಂದಿನ ಸೀಟುಗಳ ಹಿಂದೆ ಅದನ್ನು ನಿಲ್ಲಿಸಿ, ಹಿಂಬದಿಗೆ ಎರಡು ಆಸರೆ ಪೈಪು ಕೊಟ್ಟು, ಜೀಪಿನ ತಳದ ತಗಡು ಹರಿಯದಂತೆ ಮೇಲೂ ಕೆಳಗೂ ಉಕ್ಕಿನ ಪಟ್ಟಿಯಿಟ್ಟು ಬೋಲ್ಟು ಬಿಗಿದರು. ಕೊನೆಗೆ ತಾವೇ ಅದಕ್ಕೆ ಜೋತುಬಿದ್ದು ಕಾಲೆತ್ತಿ ತೋರಿಸಿದರು.

"ಆನೆ ಕೂತ್ರೂ ಬಗ್ಗಲ್ಲ, ತಗೊಂಡೋಗಿ."

ಗುಬ್ಬಿಯಿಂದ ಬಂದ ಚಿಕ್ಕಪ್ಪ ಅಂಗಳದಲ್ಲೇ ನಿಂತುಬಿಟ್ಟರು.

"ಎಲ್ಲಿ ಹಾಕ್ಸಿದ್ದು ಇದು?"

"ಶಿರಾ ಗೇಟಲ್ಲಿ."

"ಅಲ್ಲೀಗಂಟ ಓಡ್ಸಿದ್ಯಾರು?"

ಚಿಕ್ಕಮ್ಮ ನನ್ನ ಕಡೆ ನೋಡಿದರು. ನಾನು ತೆಂಗಿನ ಮರದ ತುದಿ ನೋಡಿದೆ.

"ನಾನೇ," ಎಂದರು.

ಚಿಕ್ಕಪ್ಪ ಜಗಲಿಯ ಮೇಲೆ ಕೂತು ಒಂದು ಲೋಟ ಕಾಫಿ ಪೂರ್ತಿ ಕುಡಿದರು. ಬೈಗುಳಕ್ಕೆ ನಾನು ಸಿದ್ಧವಾಗಿದ್ದೆ.

"ಕುಣಿಗಲ್ ಪೇಟೆ ರಶ್ಶಲ್ಲಿ ಯಾವ ಗೇರಲ್ಲಿ ಹೋದೆ?"

"ಸೆಕೆಂಡು."

"ಸರಿ ಬುಡು," ಎಂದು ಲೋಟ ಕೆಳಗಿಟ್ಟರು.

ಆಮೇಲೆ ಊರಲ್ಲಿ ಯಾರು ಕೇಳಿದರೂ ಕಂಬಿ ತಮ್ಮದೇ ಐಡಿಯಾ ಎನ್ನುತ್ತಿದ್ದರು. ಚಿಕ್ಕಮ್ಮ ತಿದ್ದಲು ಹೋಗಲಿಲ್ಲ. ಭಾನುವಾರ ಕುಣಿಗಲ್‌ಗೆ ಹೊರಟಾಗ ಮಾತ್ರ, ಕೀಲಿಕೈ ಹುಡುಕುತ್ತ ಮನೆಯೆಲ್ಲ ಸುತ್ತುತ್ತಿದ್ದ ಗಂಡನಿಗಾಗಿ ಡ್ರೈವರ್ ಸೀಟಿನಲ್ಲಿ ಕೂತು ಹಾರನ್ ಒತ್ತಿದರು.